ಕಾವಲಿನ ಗಿಡಗಳ ಹೆಸರು ಬರೆಯೋಣ



ಬೇಲೂರಿನಿಂದ ಅರಸೀಕೆರೆ ಕಡೆಗೆ ಹೋಗಿದ್ದೀರಾ? ಹೋಗಿದ್ದರೆ ಈ ಪಾಠ ಸುಲಭ. ಹೋಗದೆ ಇದ್ದರೆ ಈಗ ಮನಸ್ಸಿನಲ್ಲೇ ಹೋಗಿ ಬರೋಣ. ಟಿಕೆಟ್ ಬೇಡ.

ಬೇಲೂರಿನ ಪಕ್ಕದಲ್ಲಿ ಯಗಚಿ ಹೊಳೆ ಇದೆ. ಪಶ್ಚಿಮದ ಕಡೆ ಕಾಫಿ ತೋಟ. ದೊಡ್ಡ ದೊಡ್ಡ ಮರ. ಅಲ್ಲಿ ಮಳೆ ಜಾಸ್ತಿ. ಈಗ ಪೂರ್ವಕ್ಕೆ ಹೊರಡಿ. 16 ಕಿಲೋಮೀಟರ್ ಹೋದರೆ ಹಳೇಬೀಡು. ದೇವಸ್ಥಾನ, ದೊಡ್ಡ ಕೆರೆ, ಸುತ್ತ ಹೊಲ. ಮುಂದೆ ಜಾವಗಲ್. ಅಲ್ಲಿಂದ ಗಾಳಿ ಒಣಗುತ್ತದೆ. ರಾಗಿ ಹೊಲ ಬರ್ತದೆ. ತೆಂಗಿನ ತೋಟ ಬರ್ತದೆ. ಕಲ್ಲುಗುಡ್ಡ ಬರ್ತದೆ. ಮರಗಳು ಒಂದಕ್ಕೊಂದು ದೂರ ಆಗ್ತವೆ. ನಡುನಡುವೆ ಖಾಲಿ ಬಯಲು ಕಾಣ್ತದೆ. ಬಯಲಲ್ಲಿ ಹುಲ್ಲು. ಅಲ್ಲೊಂದು ಜಾಲಿ ಮರ, ಇಲ್ಲೊಂದು ಮುತ್ತುಗದ ಮರ. ಪೊದೆ ಪೊದೆ ಕಾರೆ ಗಿಡ.

ಈ ಬಯಲಿಗೆ ನಾವು ಏನಂತೀವಿ? ಕಾವಲು ಅಂತೀವಿ. ಕೆಲವು ಕಡೆ ಗೋಮಾಳ ಅಂತೀವಿ. ಹುಲ್ಲುಗಾವಲು ಅಂತಲೂ ಹೇಳ್ತೀವಿ. ಹುಲ್ಲಿನ ನಡುವೆ ಅಲ್ಲಲ್ಲಿ ಮರ ಇರುವ ಇಂಥ ನೆಲಕ್ಕೆ ವಿಜ್ಞಾನದ ಪುಸ್ತಕದಲ್ಲಿ ‘ಸವನ್ನಾ’ ಅಂತ ಹೆಸರು. ಆಫ್ರಿಕಾ ಖಂಡದಲ್ಲಿ ಇಂಥ ನೆಲ ಬಹಳ ಇದೆ. ಆನೆ, ಸಿಂಹ, ಜಿರಾಫೆ ಓಡಾಡುವ ಹುಲ್ಲುಗಾಡನ್ನು ಟಿ.ವಿ.ಯಲ್ಲಿ ನೋಡಿರ್ತೀರಿ. ನಮ್ಮ ಅರಸೀಕೆರೆ ಸೀಮೆಯ ಕಾವಲು ಕೂಡ ಅದೇ ಜಾತಿಯ ನೆಲ. ಸಿಂಹ ಇಲ್ಲ, ಅಷ್ಟೇ.

ಕಾವಲು ಕಡಿದು ಹಾಳಾದ ಕಾಡು ಅಂತ ಬಹಳ ಜನ ತಿಳಿದಿದ್ದಾರೆ. ಓದಿದವರೂ ತಿಳಿದಿದ್ದಾರೆ. ಕೆಲವು ಕಡೆ ಅದು ನಿಜ ಇರಬಹುದು. ಎಲ್ಲಾ ಕಡೆ ನಿಜ ಅಲ್ಲ. ಮಳೆ ಕಡಿಮೆ ಬೀಳುವ ಕಡೆ ಹುಲ್ಲು ತಾನಾಗಿಯೇ ಹೆಚ್ಚು. ಹುಲ್ಲಿನ ಜೀವ ಬುಡದಲ್ಲಿ ಇರ್ತದೆ. ದನ ಮೇಲೆ ಮೇಯ್ದರೂ ಬುಡದಿಂದ ಮತ್ತೆ ಚಿಗುರ್ತದೆ. ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಮಳೆ ಬಂದಾಗ ಏಳ್ತದೆ. ಮುತ್ತುಗದಂಥ ಮರಕ್ಕೆ ತೊಗಟೆ ದಪ್ಪ. ಸಣ್ಣ ಬೆಂಕಿಯನ್ನು ತಡ್ಕೊಳ್ತದೆ. ಬುಡದಿಂದ ಮತ್ತೆ ಚಿಗುರ್ತದೆ. ಮಳೆ, ಮೇವು, ಬೆಂಕಿ ಈ ಮೂರೂ ಸೇರಿ ಕಾವಲನ್ನು ಮಾಡಿವೆ.

ಕಾವಲು ಅಂದರೆ ಕಾಯುವುದು

ಕಾವಲು ಎಂಬ ಮಾತಿನಲ್ಲೇ ಅರ್ಥ ಇದೆ. ಕಾಯುವುದು, ಕಾಪಾಡುವುದು. ಯಾರಿಗಾಗಿ ಕಾಯುತ್ತಿದ್ದರು?

ಮೈಸೂರಿನ ಅರಸರು ದನಗಳಿಗಾಗಿ ಕಾಯಿಸುತ್ತಿದ್ದರು. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅವರ ಕಾಲದಲ್ಲಿ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಅಂತ ಹೆಸರು. ಅರಮನೆಗೆ ಹಾಲು ಬೆಣ್ಣೆ ಅಲ್ಲಿಂದ ಹೋಗುತ್ತಿತ್ತು. ಆಮೇಲೆ ಹೈದರಾಲಿ, ಟಿಪ್ಪು ಸುಲ್ತಾನ್ ಈ ದನಗಳನ್ನು ಯುದ್ಧಕ್ಕೆ ಬಳಸಿದರು. ತೋಪು ಎಳೆಯಲು, ದಿನಸಿ ಸಾಗಿಸಲು ಈ ಎತ್ತುಗಳು ಬೇಕಿತ್ತು. ಟಿಪ್ಪು ಈ ಇಲಾಖೆಗೆ ‘ಅಮೃತ ಮಹಲ್’ ಅಂತ ಹೆಸರಿಟ್ಟ. ಉದ್ದ ಕೊಂಬಿನ, ಬೂದು ಬಣ್ಣದ, ಚುರುಕು ಕಾಲಿನ ಅಮೃತ ಮಹಲ್ ದನ ಇವತ್ತಿಗೂ ಇದೆ. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಾವಲುಗಳೇ ಅದರ ಮನೆ. ಅಜ್ಜಂಪುರ, ಬೀರೂರು, ನಮ್ಮ ಅರಸೀಕೆರೆ ತಾಲ್ಲೂಕಿನ ಹಬ್ಬನಘಟ್ಟ ಇವೆಲ್ಲ ಆ ತಳಿಯ ಹೆಸರಿನ ಜೊತೆ ಬರುವ ಊರುಗಳು.

ಆಗಿನವರ ಒಂದು ಲೆಕ್ಕಾಚಾರ ಕೇಳಿ. ಮಳೆಗಾಲದ ಕಾವಲು ಬೇರೆ. ಚಳಿಗಾಲದ ಕಾವಲು ಬೇರೆ. ಬೇಸಿಗೆ ಕಾವಲು ಬೇರೆ. ಬೇಸಿಗೆ ಕಾವಲಲ್ಲಿ ನೆರಳು, ನೀರು ಇರಬೇಕು. ದನ ಒಂದು ಕಾವಲಲ್ಲಿ ಇರುವಾಗ ಉಳಿದವು ಖಾಲಿ ಇರುತ್ತಿದ್ದವು. ಖಾಲಿ ಇದ್ದಾಗ ಹುಲ್ಲು ಬೆಳೆದು ಬೀಜ ಉದುರಿಸುತ್ತಿತ್ತು. ಇದು ಬರಿ ದನ ಕಾಯೋದಲ್ಲ. ಹುಲ್ಲನ್ನೂ ಕಾಯೋದು. ಈ ಬುದ್ಧಿ ಅರಮನೆಯಲ್ಲಿ ಕೂತವರಿಗೆ ಹೊಳೆದದ್ದು ಅಂತ ನನಗೆ ಅನ್ನಿಸುವುದಿಲ್ಲ. ದನದ ಹಿಂದೆ ನಡೆದವರಿಗೆ ಗೊತ್ತಿದ್ದದ್ದನ್ನು ಅರಮನೆ ಬರೆದುಕೊಂಡಿತು.

ಒಂದು ಕಾಲಕ್ಕೆ ಅಮೃತ ಮಹಲ್ ಕಾವಲುಗಳು 4 ಲಕ್ಷ ಎಕರೆಗೂ ಹೆಚ್ಚು ಇದ್ದವು. ಈಗ ಐದರಲ್ಲಿ ಒಂದು ಪಾಲೂ ಉಳಿದಿಲ್ಲ.

ಅತ್ತೆ ಸೊಸೆ ಮಾತು

ಅತ್ತೆ ಸೊಸೆ ಇಬ್ಬರು ಕಾವಲಿಗೆ ಹೋಗಿದ್ದಾರೆ ಅಂತ ಇಟ್ಟುಕೊಳ್ಳಿ. ಸೊಸೆ ಬೇಲೂರು ಕಡೆಯವಳು. ಅವಳ ತವರಲ್ಲಿ ಗದ್ದೆ, ತೋಟ. ಈ ಒಣ ಸೀಮೆಯ ಹುಲ್ಲು ಅವಳಿಗೆ ಹೊಸದು.

ಸೊಸೆ: ಅತ್ತೆ, ಇಷ್ಟು ಹುಲ್ಲೈತೆ. ಹಸ ಮೂಸಿ ಬಿಟ್ಟುಬಿಡ್ತದಲ್ಲ, ಯಾಕೆ?

ಅತ್ತೆ: ಅದು ಹಂಚಿ ಹುಲ್ಲು ಕಣವ್ವ. ಎಳೇದಿದ್ದಾಗ ವಸಿ ತಿಂತದೆ. ಕಡ್ಡಿ ಆದ ಮೇಲೆ ಮುಟ್ಟಲ್ಲ. ಅದು ಪೊರಕೆ ಕಟ್ಟಕ್ಕೆ ಸರಿ. ಹಸಕ್ಕೆ ಕರಡ ಬೇಕು.

ಸೊಸೆ: ಕರಡ ಎಲ್ಲೈತೆ?

ಅತ್ತೆ: ನಾನು ಮದುವೆಯಾಗಿ ಬಂದಾಗ ಮಂಡಿವರೆಗೂ ಇತ್ತು. ಕೊಯ್ದು ಮೆದೆ ಹಾಕ್ತಿದ್ವಿ. ಈಗ ನೋಡು, ಆ ಬಂಡೆ ಸಂದೀಲಿ, ಕಳ್ಳಿ ಬುಡದಲ್ಲಿ ವಸಿ ಐತೆ. ದನದ ಬಾಯಿ ಅಲ್ಲಿಗೆ ಹೋಗಲ್ಲ. ಅದ್ಕೇ ಉಳ್ಕಂಡೈತೆ.

ಸೊಸೆ: ಈ ಬಂದರೆ ಗಿಡ, ಆವರಿಕೆ ಗಿಡ ಮಾತ್ರ ಎಲ್ಲಾ ಕಡೆ ಐತೆ.

ಅತ್ತೆ: ತಿನ್ನೋದು ಕಮ್ಮಿ ಆಯ್ತದೆ. ತಿನ್ನದೇ ಇರೋದು ಉಳೀತದೆ. ಬಂದರೆ ಜಾಸ್ತಿ ಆಯ್ತು ಅಂದ್ರೆ ನೆಲ ಬಡವಾಯ್ತು ಅಂತ ತಿಳ್ಕೋ.

ಅತ್ತೆ ಶಾಲೆಗೆ ಹೋದವಳಲ್ಲ. ಆದರೂ ಅವಳು ಹೇಳಿದ ಮಾತು ಸಣ್ಣದಲ್ಲ. ಹುಲ್ಲುಗಾವಲಿನ ವಿಜ್ಞಾನಿಗಳು ಕೂಡ ನೆಲದ ಆರೋಗ್ಯವನ್ನು ಹೀಗೇ ನೋಡುತ್ತಾರೆ. ಯಾವ ಹುಲ್ಲು ಹೋಯಿತು, ಯಾವ ಗಿಡ ಬಂತು ಅಂತ ಎಣಿಸುತ್ತಾರೆ. ಮೇವು ಅತಿಯಾದರೆ ಮೊದಲು ಒಳ್ಳೆ ಹುಲ್ಲು ಹೋಗ್ತದೆ. ಆಮೇಲೆ ಹಂಚಿಯಂಥ ಒರಟು ಹುಲ್ಲು ಬರ್ತದೆ. ಆಮೇಲೆ ದನ ತಿನ್ನದ ಪೊದೆ. ಅತ್ತೆ ಇದನ್ನು 40 ವರ್ಷ ಕಣ್ಣಲ್ಲಿ ನೋಡಿದ್ದಾಳೆ. ಅಳತೆ ಪಟ್ಟಿ ಇಲ್ಲ, ಅಷ್ಟೇ.

ಇನ್ನೂ ಏನೇನು ಗೊತ್ತು ನಮ್ಮ ಹೆಂಗಸರಿಗೆ? ಎಲ್ಲವನ್ನೂ ಇಲ್ಲಿ ಬರೆಯಲು ಆಗುವುದಿಲ್ಲ. ಕೆಲವು ಹೇಳುತ್ತೇನೆ.

ತಲೆಗೆ ಸೀಗೆಕಾಯಿ ಎಲ್ಲರಿಗೂ ಗೊತ್ತು. ಸೀಗೆ ಸಿಗದ ಒಣ ಸೀಮೆಯಲ್ಲಿ ಚುಜ್ಜಲು ಪುಡಿ ಇದೆ. ಅದು ತುಗ್ಗಲಿ ಮರದ ಎಲೆಯ ಪುಡಿ. ಎಲೆ ನೆರಳಲ್ಲಿ ಒಣಗಿಸಿ ಕುಟ್ಟಿದರೆ ಆಯಿತು. ಮುತ್ತುಗದ ಎಲೆ ಊಟಕ್ಕೆ. ಈಚಲು ಗರಿ ಚಾಪೆಗೆ, ಪೊರಕೆಗೆ. ಕಗ್ಗಲಿ, ಜಾಲಿ ಮರ ಗಟ್ಟಿ. ನೇಗಿಲಿಗೆ, ಗಾಡಿಗೆ ಬೇಕು. ಆವರಿಕೆ ತೊಗಟೆ ಚರ್ಮ ಹದ ಮಾಡಲು ಬೇಕು. ಹೊಂಗೆ ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ, ಸೊಪ್ಪು ಗೊಬ್ಬರಕ್ಕೆ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಕಾಳಿನ ಗುಡಾಣಕ್ಕೆ. ಹಾಕಿದರೆ ಹುಳ ಕಡಿಮೆ. ಬಾಣಂತಿಯ ಬಿಸಿನೀರಿಗೂ ಲಕ್ಕಿ ಸೊಪ್ಪು ಬೀಳ್ತದೆ. ತುಂಬೆ ಹೂ ಶಿವನಿಗೆ.

ಊಟದ ವಿಷಯಕ್ಕೆ ಬನ್ನಿ. ರಾಗಿ ಮುದ್ದೆ ಇದ್ದ ಕಡೆ ಬೆರಕೆ ಸೊಪ್ಪಿನ ಸಾರು ಇರಲೇಬೇಕು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನ್ನಗೊನೆ ಸೊಪ್ಪು, ಕಿರಕಸಾಲೆ. ಇದರಲ್ಲಿ ಯಾವುದನ್ನೂ ಯಾರೂ ಬಿತ್ತುವುದಿಲ್ಲ. ಹೊಲದ ಬದುವಲ್ಲಿ, ರಾಗಿ ಸಾಲಿನ ನಡುವೆ ತಾನೇ ಹುಟ್ತದೆ. ಕಳೆ ಕೀಳುವ ಕೈಯೇ ಸಾರಿನ ಸೊಪ್ಪನ್ನೂ ಆರಿಸ್ತದೆ. ಎಳೇದು ಯಾವುದು, ಬಲಿತದ್ದು ಯಾವುದು, ಕಹಿ ಯಾವುದು ಅಂತ ಆ ಕೈಗೆ ಗೊತ್ತು. ಕಾಸು ಕೊಡದೆ ಮನೆಗೆ ಬರುವ ಸೊಪ್ಪು ಇದು. ರಕ್ತ ಕಡಿಮೆ ಇರುವ ಹೆಂಗಸರಿಗೆ ಹಸಿರು ಸೊಪ್ಪು ತಿನ್ನಿ ಅಂತ ಡಾಕ್ಟರು ಹೇಳ್ತಾರಲ್ಲ, ಆ ಸೊಪ್ಪು ಇಲ್ಲೇ ಇತ್ತು. ಈಗ ಕಳೆ ಔಷಧಿ ಹೊಡೆದರೆ ಕಳೆಯ ಜೊತೆ ಅಣ್ಣೆಯೂ ಹೋಗ್ತದೆ, ಗೋಣಿಯೂ ಹೋಗ್ತದೆ. ಕೂಲಿ ಉಳಿಯಿತು ಅಂತ ಗಂಡಸರು ಲೆಕ್ಕ ಹಾಕ್ತಾರೆ. ಹೋದ ಸಾರಿನ ಲೆಕ್ಕ ಯಾರೂ ಹಾಕುವುದಿಲ್ಲ.

ದನ ಕಾಯುವ ಮಕ್ಕಳಿಗೆ ಹಣ್ಣಿನ ಲೆಕ್ಕ ಬಾಯಿಪಾಠ ಇತ್ತು. ಕಾರೆ, ಕವಳೆ, ಎಲಚಿ, ಬಿಕ್ಕೆ, ಬೇಲ. ಯಾವ ಗುಡ್ಡದಲ್ಲಿ, ಯಾವ ತಿಂಗಳು ಅಂತ ಕೇಳಿದರೆ ಸಾಕು, ಓಡುತ್ತಿದ್ದವು.

ಏನು ಬದಲಾಯಿತು?

ಮೊದಲು ಜಮೀನಿನ ಮಾತು. ಎರಡನೇ ಮಹಾಯುದ್ಧದ ಹೊತ್ತಿಗೆ, ಅಂದರೆ 1940ರ ದಶಕದಲ್ಲಿ, ‘ಹೆಚ್ಚು ಆಹಾರ ಬೆಳೆಯಿರಿ’ ಅನ್ನುವ ಆಂದೋಲನ ಬಂತು. ಕಾವಲುಗಳಲ್ಲಿ ಉಳುಮೆ ಶುರುವಾಯಿತು. ಭೂಮಿ ಇಲ್ಲದವರಿಗೂ ಜಮೀನು ಸಿಕ್ಕಿತು. ಅದು ತಪ್ಪು ಅಂತ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹಸಿದವರಿಗೆ ರಾಗಿ ಬೇಕು. ಆದರೆ ಜಮೀನು ಬಡವರಿಗೆ ಮಾತ್ರ ಹೋಗಲಿಲ್ಲ. ಬಲ ಇದ್ದವರೂ ಬೇಲಿ ಹಾಕಿಕೊಂಡರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲನ್ನು 2008ರಿಂದ ಈಚೆಗೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಸ್ಥೆಗೆ ಕೊಟ್ಟರು. ಅಲ್ಲಿ ಕುರಿ ಮೇಯಿಸುತ್ತಿದ್ದ ಜನ ಗೋಡೆ ಎದ್ದಾಗ ಹೋರಾಟ ಮಾಡಿದರು. ಹಸಿರು ನ್ಯಾಯಮಂಡಳಿಯವರೆಗೂ ಆ ಮಾತು ಹೋಯಿತು.

ಯಾಕೆ ಕಾವಲನ್ನೇ ಕೊಡುತ್ತಾರೆ? ಕಾಗದದಲ್ಲಿ ಅದು ಪಾಳು ಅಂತ ಇರುವುದರಿಂದ. ನೀವು ಪಹಣಿ ಓದಲು ಕಲಿತಿದ್ದೀರಿ. ಅದರಲ್ಲಿ ‘ಖರಾಬು’ ಅನ್ನುವ ಪದ ನೋಡಿ. ಉಳುಮೆ ಆಗದ ನೆಲ ಅಂತ ಅರ್ಥ. ಕೇಳಲು ಕೆಟ್ಟ ನೆಲ ಅಂದ ಹಾಗೆ ಕೇಳುತ್ತದೆ. ಕೇಂದ್ರ ಸರ್ಕಾರ 2000ದಲ್ಲಿ ದೇಶದ ಬಂಜರು ಭೂಮಿಯ ನಕ್ಷೆಗಳ ಪುಸ್ತಕ ತಂದಿತು. ಕುರುಚಲು ಗಿಡದ ನೆಲ, ಸೊರಗಿದ ಹುಲ್ಲುಗಾವಲು ಅದರಲ್ಲಿ ಬಂಜರಿನ ಪಟ್ಟಿಯಲ್ಲಿವೆ. ಹಂಚಿ, ಕರಡ, ಚುಜ್ಜಲು, ಕಾರೆಹಣ್ಣು ಸಿಗುವ ನೆಲ ಕಾಗದದಲ್ಲಿ ಬಂಜರು!

ಎರಡನೇ ಮಾತು ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಯೋಜನೆ ಬಂತು. ವಿಶ್ವಬ್ಯಾಂಕು ಸಾಲ ಕೊಟ್ಟಿತು. ಊರಿಗೆ ಸೌದೆ, ಮೇವು ಸಿಗಲಿ ಅಂತ ಹೇಳಿದರು. ನೆಟ್ಟದ್ದು ಹೆಚ್ಚಾಗಿ ನೀಲಗಿರಿ. ದನ ಅದನ್ನು ತಿನ್ನುವುದಿಲ್ಲ. ಅದರ ಕೆಳಗೆ ಹುಲ್ಲು ಸರಿಯಾಗಿ ಬರುವುದಿಲ್ಲ. ಕಾರ್ಖಾನೆಗೆ ಮಾತ್ರ ಒಳ್ಳೇದಾಯಿತು. 1983ರ ಆಗಸ್ಟ್ ತಿಂಗಳಲ್ಲಿ ಪಕ್ಕದ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋದರು. ನೀಲಗಿರಿ ಸಸಿ ಕಿತ್ತರು. ಅದೇ ಜಾಗದಲ್ಲಿ ಹುಣಸೆ ಬೀಜ, ಮಾವಿನ ಬೀಜ ಹಾಕಿದರು. ಯಾವ ಗಿಡ ಬೇಕು ಅಂತ ಊರಿನವರನ್ನು ಮೊದಲೇ ಕೇಳಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ. ಹೆಂಗಸರನ್ನು ಕೇಳಿದ್ದರೆ ಇನ್ನೂ ಬೇಗ ಉತ್ತರ ಸಿಗುತ್ತಿತ್ತು.

ಕೇಳಿ ಮಾಡಿದ ಕೆಲಸವೂ ಇದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಜೈವಿಕ ಇಂಧನ ಪಾರ್ಕ್ ಮಾಡಿತು. ಹೊಂಗೆ, ಬೇವು, ಹಿಪ್ಪೆ ಬೀಜದಿಂದ ಇಂಜಿನ್ನಿಗೆ ಬೇಕಾದ ಎಣ್ಣೆ ತೆಗೆಯುವ ಕೆಲಸ ಅದು. ಬದುವಿನ ಮರದ ಬೀಜ ಆರಿಸಿ ಒಣಗಿಸಿ ಮಾರುವ ಕೆಲಸಕ್ಕೆ ಜಿಲ್ಲೆಯ ಹೆಂಗಸರು ಸೇರಿದರು. ಅಜ್ಜಿ ದೀಪ ಹಚ್ಚಿದ ಎಣ್ಣೆಯೇ ಇದು.

ಮೂರನೇ ಮಾತು ಹೊರಗಿಂದ ಬಂದ ಗಿಡಗಳದು. ಲಂಟಾನ ನೋಡಿ. ಬಣ್ಣ ಬಣ್ಣದ ಹೂ. ಸುಮಾರು 200 ವರ್ಷದ ಹಿಂದೆ ಇಂಗ್ಲಿಷರು ತೋಟದ ಅಂದಕ್ಕೆ ತಂದರು. ಹಕ್ಕಿ ಹಣ್ಣು ತಿಂದು ಎಲ್ಲಾ ಕಡೆ ಬೀಜ ಹಾಕಿತು. ಈಗ ಗುಡ್ಡ ಪೂರ್ತಿ ಅದೇ. ಒಳಗೆ ಹುಲ್ಲಿಲ್ಲ, ದಾರಿಯೂ ಇಲ್ಲ. ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಮೊದಲು ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅದು ಮುಟ್ಟಿದರೆ ಕೆಲವರಿಗೆ ಮೈ ತುರಿಕೆ, ಕೆಲವರಿಗೆ ಉಬ್ಬಸ. ಅದನ್ನು ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋ ದೇಶದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ತಿಂದು ಜರಡಿ ಮಾಡ್ತದೆ. ಆದರೂ ಗಿಡ ಮುಗಿದಿಲ್ಲ. ಇನ್ನು ಬಳ್ಳಾರಿ ಜಾಲಿ. ಇದನ್ನು ಬೈಯುವುದು ಸುಲಭ. ಮುಳ್ಳು, ಕೆರೆ ಅಂಗಳ ನುಂಗ್ತದೆ. ಆದರೆ ಎಷ್ಟೋ ಬಡ ಮನೆಯ ಒಲೆ ಉರಿದದ್ದು ಅದರಿಂದಲೇ. ಕಡಿದರೆ ಬದಲಿಗೆ ಸೌದೆಗೆ ಏನು ಅಂತಲೂ ಕೇಳಬೇಕು.

ನೀರಿನ ಮಾತು ಬೇಗ ಹೇಳುತ್ತೇನೆ, ಅದು ನಿಮಗೇ ಗೊತ್ತು. ಬೋರ್‌ವೆಲ್ ಬಂತು. ತೆಂಗು ಹೆಚ್ಚಾಯಿತು. ಆಳ ಹೆಚ್ಚಾಯಿತು. 2010ರ ದಶಕದ ಬರಗಾಲಗಳಲ್ಲಿ ಅರಸೀಕೆರೆ ಸೀಮೆಯ ತೆಂಗು ಸುಳಿ ಒಣಗಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಕಾವಲಿನ ಹುಲ್ಲು ಮಾತ್ರ ಮೊದಲ ಮಳೆಗೇ ಎದ್ದಿತು.

ಎಲ್ಲಾ ಕಡೆ ಕಾವಲು ಹೋಗಿದೆ ಅಂತಲ್ಲ. ನಮ್ಮ ಪಕ್ಕದ ಕಡೂರು ತಾಲ್ಲೂಕಿನಲ್ಲಿ ಬಾಸೂರು ಕಾವಲು ಇದೆ. ಅಲ್ಲಿ ಕೃಷ್ಣಮೃಗಗಳಿವೆ. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಅಂತ ಸರ್ಕಾರ ಸಾರಿತು. ಹುಲ್ಲುಗಾವಲೂ ಕಾಪಾಡುವಂಥ ವಸ್ತು ಅಂತ ಕಾಗದದ ಮೇಲೆ ಒಪ್ಪಿದ ಹಾಗಾಯಿತು.

ಸೋಲಿಗರು ಹೇಳಿದ್ದು

ಗಿಡ ಬಲ್ಲವರ ಮಾತು ಕೇಳದಿದ್ದರೆ ಏನಾಗುತ್ತದೆ? ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದದ್ದನ್ನು ನೋಡಿ.

ಅಲ್ಲಿ ಸೋಲಿಗರು ಇದ್ದಾರೆ. ಅವರು ಬೇಸಿಗೆ ಶುರುವಿನಲ್ಲೇ ಕಾಡಿನ ನೆಲಕ್ಕೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಅಂತ ಹೆಸರು. ತರಗು ಅಂದರೆ ಒಣಗಿದ ಎಲೆ. ತರಗು ಮಾತ್ರ ಉರಿಯುತ್ತಿತ್ತು. ಮರ ಉಳಿಯುತ್ತಿತ್ತು. ಮಳೆಗೆ ಹುಲ್ಲು ಬರುತ್ತಿತ್ತು. 1974ರಲ್ಲಿ ಆ ಕಾಡು ವನ್ಯಜೀವಿಧಾಮ ಆಯಿತು. ಬೆಂಕಿ ಹಾಕಬಾರದು ಅಂತ ಆಯಿತು. ಆಮೇಲೆ ಏನಾಯಿತು? ಲಂಟಾನ ಹಬ್ಬಿತು. ನೆಲ್ಲಿ ಮರದ ಮೇಲೆ ಬಂದಣಿಕೆ ಹೆಚ್ಚಿತು. ಈಗ ಬೆಂಕಿ ಬಿದ್ದರೆ ಒಣ ಲಂಟಾನ ಏಣಿಯ ಹಾಗೆ ಬೆಂಕಿಯನ್ನು ಮರದ ತುದಿಗೆ ಏರಿಸುತ್ತದೆ. ಸೋಲಿಗರು ಇದನ್ನು ಮೊದಲಿಂದ ಹೇಳುತ್ತಿದ್ದರು. ವಿಜ್ಞಾನಿಗಳು ಬಹಳ ವರ್ಷ ಆದಮೇಲೆ ಅವರ ಜೊತೆ ಕೂತು, ಅಳೆದು, ನಿಮ್ಮ ಮಾತಲ್ಲಿ ಹುರುಳಿದೆ ಅಂದರು. 2011ರಲ್ಲಿ ಸೋಲಿಗರಿಗೆ ಆ ಕಾಡಿನಲ್ಲಿ ಸಮುದಾಯದ ಹಕ್ಕು ಪತ್ರವೂ ಸಿಕ್ಕಿತು.

ಇದನ್ನು ಓದಿ ನಾಳೆ ಕಾವಲಿಗೆ ಕಡ್ಡಿ ಗೀರಬೇಡಿ! ಯಾವ ಹೊತ್ತು, ಎಷ್ಟು ಬೆಂಕಿ, ಯಾವ ಗಾಳಿ ಅನ್ನುವುದು ತಿಳುವಳಿಕೆ. ಬೇಸಿಗೆ ಕೊನೆಯಲ್ಲಿ ಹಾಕಿದ ಬೆಂಕಿ ಹುಲ್ಲಿನ ಬೀಜವನ್ನೂ, ಹಕ್ಕಿಯ ಮೊಟ್ಟೆಯನ್ನೂ ಸುಡುತ್ತದೆ. ಕಾಡಿಗೆ ಬೆಂಕಿ ಹಾಕುವುದು ಅಪರಾಧ ಕೂಡ.

ಬರೆದರೆ ಏನಾಗುತ್ತದೆ?

ಅರಿಸಿನ ಗಾಯಕ್ಕೆ ಹಚ್ಚುತ್ತಾರೆ. ಇದು ಯಾರಿಗೆ ಗೊತ್ತಿಲ್ಲ? 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾನಿಲಯ ಇದನ್ನು ತಾನೇ ಕಂಡುಹಿಡಿದೆ ಅಂತ ಪೇಟೆಂಟ್ ಪಡೆಯಿತು. ಪೇಟೆಂಟ್ ಅಂದರೆ, ಇದು ನನ್ನ ಹೊಸ ವಿದ್ಯೆ, ನನ್ನನ್ನು ಕೇಳದೆ ಯಾರೂ ಇದರಿಂದ ವ್ಯಾಪಾರ ಮಾಡುವ ಹಾಗಿಲ್ಲ ಅನ್ನುವ ಪತ್ರ. ನಮ್ಮ ದೇಶದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ತಕರಾರು ಹಾಕಿತು. ನಮ್ಮ ಅಜ್ಜಿಯರಿಗೆಲ್ಲ ಇದು ಗೊತ್ತು ಅಂದರೆ ಸಾಕಾಗಲಿಲ್ಲ. ಬರೆದದ್ದು ತೋರಿಸಿ ಅಂದರು. ಹಳೆಯ ಸಂಸ್ಕೃತ ಗ್ರಂಥ, ಪತ್ರಿಕೆ ಎಲ್ಲ ಸೇರಿ 32 ಬರಹ ಕೊಟ್ಟರು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ಅರಿಸಿನಕ್ಕೆ ಬರಹ ಇತ್ತು. ಗೆದ್ದೆವು. ಚುಜ್ಜಲಿಗೆ? ಬಂದರೆಗೆ? ನಿಮ್ಮ ಊರಿನ ಗುಡ್ಡದ ಗಿಡಕ್ಕೆ ನಿಮ್ಮ ಅತ್ತೆ ಇಟ್ಟ ಹೆಸರಿಗೆ?

2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರ ನಿಯಮದಲ್ಲಿ, ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕು ಅಂತ ಬರೆದರು. ಸಮಿತಿಯ ದೊಡ್ಡ ಕೆಲಸ ‘ಜನತಾ ಜೀವವೈವಿಧ್ಯ ದಾಖಲಾತಿ’ ಬರೆಯುವುದು. ಊರಲ್ಲಿ ಯಾವ ಗಿಡ, ಯಾವ ಹುಲ್ಲು, ಯಾವ ದನದ ತಳಿ, ಯಾರಿಗೆ ಏನು ಗೊತ್ತು ಅಂತ ಒಂದು ಪುಸ್ತಕ. ಯಾವುದಾದರೂ ಕಂಪನಿ ನಮ್ಮ ಗಿಡದಿಂದ, ನಮ್ಮ ತಿಳುವಳಿಕೆಯಿಂದ ವ್ಯಾಪಾರ ಮಾಡಿದರೆ ಅದರಲ್ಲಿ ಊರಿಗೆ ಪಾಲು ಸಲ್ಲಬೇಕು ಅನ್ನುವುದು ಕಾಯ್ದೆಯ ಆಶಯ. ರಾಜ್ಯಕ್ಕೆ ಒಂದು ಮಂಡಳಿ ಇದೆ. ಕರ್ನಾಟಕ ಜೀವವೈವಿಧ್ಯ ಮಂಡಳಿ ಅಂತ ಅದರ ಹೆಸರು, ಕಚೇರಿ ಬೆಂಗಳೂರಲ್ಲಿ.

ಬಹಳ ಕಡೆ ಈ ಪುಸ್ತಕವನ್ನು ಆತುರದಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದಾರೆ. ಊರಿನ ಹೆಂಗಸರನ್ನು ಕೇಳದೆ ಬರೆದದ್ದೂ ಉಂಟು. ನಿಮ್ಮ ಪಂಚಾಯಿತಿಗೆ ಹೋಗಿ ಕೇಳಿ. ‘ನಮ್ಮ ಊರಿನ ಜೀವವೈವಿಧ್ಯ ದಾಖಲಾತಿ ತೋರಿಸಿ’ ಅನ್ನಿ. ಈಗ ನಿಮಗೆ ಓದಲು ಬರುತ್ತದೆ. ಓದಿ ನೋಡಿ. ಕರಡ ಹುಲ್ಲು ಅದರಲ್ಲಿ ಇದೆಯಾ? ಹಂಚಿ ಇದೆಯಾ? ಇಲ್ಲದಿದ್ದರೆ ಸೇರಿಸಿ ಅನ್ನಿ. 2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದ್ದು. ಕೇಳಲು ಅಂಜಬೇಡಿ.

ಬರೆಯುವಾಗ ಕೆಲವು ಎಚ್ಚರ ಬೇಕು. ಒಂದೇ ಗಿಡಕ್ಕೆ ಊರಲ್ಲಿ ಒಂದು ಹೆಸರು, ಹಟ್ಟಿಯಲ್ಲಿ ಒಂದು, ತಾಂಡದಲ್ಲಿ ಇನ್ನೊಂದು ಇರ್ತದೆ. ಎಲ್ಲಾ ಹೆಸರೂ ಬರೆಯಿರಿ. ಯಾವುದೂ ತಪ್ಪಲ್ಲ. ಯಾರು ಹೇಳಿದರು ಅಂತ ಅವರನ್ನು ಕೇಳಿ ಬರೆಯಿರಿ. ಹೇಳಲು ಇಷ್ಟ ಇಲ್ಲದ ಮನೆಮದ್ದನ್ನು ಬಲವಂತ ಮಾಡಿ ಕೇಳಬೇಡಿ. ಹಳೇದೆಲ್ಲ ಸರಿ ಅಂತಲೂ ಅಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಕೆಡ್ತದೆ. ಉಮ್ಮತ್ತಿ, ಗುಲಗಂಜಿ ವಿಷ. ಕಾಮಾಲೆಗೆ ಸೊಪ್ಪು ಅರೆದು ಕೊಡ್ತಾರೆ, ಆದರೆ ಕಾಮಾಲೆ ಹಲವು ಕಾರಣದಿಂದ ಬರ್ತದೆ, ರಕ್ತ ಪರೀಕ್ಷೆ ಮಾಡಿಸಲೇಬೇಕು. ಹಾವು ಕಚ್ಚಿದರೆ ಬೇರು ಹುಡುಕಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಹೀಗೆ ಬರೆಯಬಹುದು. ಅತ್ತೆ ಹೇಳಿದ್ದನ್ನು ಸೊಸೆ ಬರೆದ ಹಾಗೆ ಇಲ್ಲೊಂದು ಪುಟ ಇದೆ:

ಗಿಡದ ಹೆಸರು: ಹಂಚಿ ಹುಲ್ಲು.
ಎಲ್ಲಿ ಇದೆ: ಊರ ಮುಂದಿನ ಕಾವಲು, ಕಲ್ಲು ನೆಲ.
ಯಾವಾಗ ಕೊಯ್ಯಬೇಕು: ಕಡ್ಡಿ ಬಲಿತ ಮೇಲೆ. ಹಸಿ ಇದ್ದಾಗ ಕೊಯ್ದರೆ ಪೊರಕೆ ಉದುರುತ್ತದೆ.
ಹೇಗೆ ಕೊಯ್ಯಬೇಕು: ಬುಡ ಕೀಳಬಾರದು. ಮೇಲಿಂದ ಕೊಯ್ಯಬೇಕು.
ಏನಕ್ಕೆ: ಪೊರಕೆ. ಎಳೆಯದಾದರೆ ಮೇವು.
ಮೊದಲು ಹೇಗಿತ್ತು, ಈಗ ಹೇಗಿದೆ: ಮೊದಲು ಕರಡದ ನಡುವೆ ಅಲ್ಲಲ್ಲಿ ಇತ್ತು. ಈಗ ಇದೇ ಹೆಚ್ಚು.

ಕೊನೆಯ ಸಾಲನ್ನು ಬಿಡಬೇಡಿ. ದಾಖಲಾತಿ ಬರೆಯುವವರು ಹೆಚ್ಚಾಗಿ ಬಿಡುವುದು ಅದನ್ನೇ. ನೆಲ ಎತ್ತ ಹೋಗುತ್ತಿದೆ ಅಂತ ಹೇಳುವುದು ಆ ಸಾಲು ಮಾತ್ರ.

ಮಾತಾಡಿ, ಬರೆಯಿರಿ

ನಿಮ್ಮ ಮನೆಯಲ್ಲಿ ವಯಸ್ಸಾದ ಹೆಂಗಸರು ಇದ್ದಾರೆಯೇ? ಅವರಿಗೆ ಗೊತ್ತಿರುವ 5 ಹುಲ್ಲಿನ ಹೆಸರು ಕೇಳಿ ಬರೆಯಿರಿ.

ನಿಮ್ಮ ಬೆರಕೆ ಸೊಪ್ಪಿನ ಸಾರಿಗೆ ಹಿಂದೆ ಎಷ್ಟು ಬಗೆ ಸೊಪ್ಪು ಬೀಳುತ್ತಿತ್ತು? ಈಗ ಎಷ್ಟು?

ನಿಮ್ಮ ಊರಿನ ಕಾವಲು ಅಥವಾ ಗೋಮಾಳ ಎಷ್ಟು ಎಕರೆ? ಪಂಚಾಯಿತಿಯಲ್ಲೋ ನಾಡಕಚೇರಿಯಲ್ಲೋ ಕೇಳಿ ತಿಳಿಯಿರಿ.

ಕರಡ ಹುಲ್ಲನ್ನು ನೀವು ಕೊನೆಯ ಸಲ ಎಲ್ಲಿ ನೋಡಿದಿರಿ? ಆ ಜಾಗದ ಹೆಸರು ಬರೆಯಿರಿ.